ಚಪ್ಪಲಿ ತಿರುವಿ ನೋಡುವ ಶಂಭುಲಿಂಗ ಕಾಕಾ

ಶಂಭುಲಿಂಗ ಕಾಕಾ ಮನುಷ್ಯರನ್ನು ಮುಖ ನೋಡಿ ಅಳೆಯುವವರಲ್ಲ. ಅವರದೇನಿದ್ದರೂ ಪಾದರಕ್ಷೆಯ ಶಾಸ್ತ್ರ. ಮದುವೆ ಮನೆಯಿರಲಿ, ಮಠವಿರಲಿ, ಸಾವಿನ ಮನೆಯೇ ಇರಲಿ, ಹೊಸ್ತಿಲು ದಾಟುವ ಮೊದಲು ಅವರು ಎಡಗೈಯನ್ನು ಗೋಡೆಗೆ ಊರಿ, ಸೊಂಟ ಬಗ್ಗಿಸಿ, ಹೊರಗೆ ಬಿಟ್ಟ ಚಪ್ಪಲಿಗಳೊಳಗಿಂದ ಒಂದು ಜೋಡಿಯನ್ನು ಆರಿಸಿ ಎತ್ತಿಕೊಂಡು, ತಳ ಮೇಲೆ ಮಾಡಿ, ಕನ್ನಡಕವನ್ನು ಹಣೆಗೇರಿಸಿ, ಒಂದು ನಿಮಿಷ ಧ್ಯಾನಸ್ಥರಾಗಿ ನಿಂತುಬಿಡುತ್ತಾರೆ. ಹಿಮ್ಮಡಿ ಎಲ್ಲಿ ಸವೆದಿದೆ, ಹೆಬ್ಬೆರಳಿನ ಕೆಳಗೆ ಕುಳಿ ಬಿದ್ದಿದೆಯೋ ಇಲ್ಲವೋ, ಎಡದ್ದು ಹೆಚ್ಚು ತಿಂದಿದೆಯೋ ಬಲದ್ದೋ, ಇಷ್ಟು ನೋಡಿದರೆ ಮುಗಿಯಿತು. ಒಳಗೆ ಕೂತವನು ಯಾವ ಕಾಲಿನಿಂದ ಚೆಂಡು ಒದೆಯಬಲ್ಲ, ಎಷ್ಟು ಹೊತ್ತು ಓಡಬಲ್ಲ, ತಿರುಗುವಾಗ ಯಾವ ಬದಿಗೆ ಜೋಲಿ ಹೊಡೆಯುತ್ತಾನೆ ಎಂಬುದೆಲ್ಲ ಅವರಿಗೆ ಅಂಗೈ ಮೇಲೆ ಬರೆದಿಟ್ಟಷ್ಟು ಸ್ಪಷ್ಟ. ಹುಬ್ಬಳ್ಳಿಯ ಕಮರಿಪೇಟೆಯ ಫುಟ್‌ಬಾಲ್ ಸಂಘಕ್ಕೆ ನಲವತ್ತೊಂದು ವರ್ಷಗಳಿಂದ ಸೆಕ್ರೆಟರಿಯಾಗಿರುವ ಈ ಪುಣ್ಯಾತ್ಮ ಆಟಗಾರರನ್ನು ಆರಿಸಿದ್ದೆಲ್ಲ ಹೀಗೆಯೇ.

ಈ ವಿದ್ಯೆಯಿಂದ ಅವರು ಪಟ್ಟ ಪಾಡು ಸಣ್ಣದಲ್ಲ. ದೇಶಪಾಂಡೆ ನಗರದ ಒಂದು ಕಲ್ಯಾಣ ಮಂಟಪದಲ್ಲಿ ಯಾರದೋ ಹೊಚ್ಚಹೊಸ ಬೂಟು ಕೈಯಲ್ಲಿ ಹಿಡಿದು ನಿಂತಾಗ ಕಾವಲಿನವನು ಬಂದು ರಟ್ಟೆ ಹಿಡಿದ. ಊಟದ ಪಂಕ್ತಿಯಿಂದ ಎದ್ದು, ಎಂಜಲು ಕೈಯಲ್ಲೇ ಓಡಿ ಬಂದ ರಾಜೇಶ್ವರಿ ಕಾಕು, "ಬಿಡಪಾ, ಇವರು ನಮ್ಮ ಮನಿಯವರು. ಚಪ್ಪಲಿ ನೋಡತಾರ, ಒಯ್ಯಂಗಿಲ್ಲ" ಎಂದು ಗಂಡನ ಮಾನ ಉಳಿಸಿದರು. ಮಗಳು ಭಾಗ್ಯಶ್ರೀಯನ್ನು ನೋಡಲು ವರನ ಕಡೆಯವರು ಬಂದಾಗಲೂ ಅಷ್ಟೇ. ಒಳಗೆ ಅವಲಕ್ಕಿ ಚಹಾ ನಡೆದಿರುವಾಗ ಹುಡುಗಿಯ ತಂದೆ ನಾಪತ್ತೆ. ಹೊರಗೆ ಕಟ್ಟೆಯ ಮೇಲೆ ಕೂತು ವರನ ಬೂಟು ತಿರುವಿ ನೋಡಿ, ಒಳಗೆ ಬಂದು, ಎಲ್ಲರೆದುರಿಗೆ ತೀರ್ಪು ಕೊಟ್ಟರು: "ಹಂಗಲ್ಲ ಅದು. ಹುಡುಗ ಛಲೋ ಅದಾನ. ನಿಂತಲ್ಲೇ ನಿಲ್ಲಾವ, ಓಡಿ ಹೋಗಾವಲ್ಲ." ಆ ಅಳಿಯ ಹತ್ತೊಂಬತ್ತು ವರ್ಷಗಳಿಂದ ಒಂದೇ ಆಫೀಸಿನ ಒಂದೇ ಖುರ್ಚಿಯಲ್ಲಿ ಕೂತಿದ್ದಾನೆ.

"ಹಂಗಲ್ಲ ಅದು" ಎಂಬುದು ಅವರ ಮಾತಿನ ಮುನ್ನುಡಿ. ನೀವು ಹೇಳಿದ್ದನ್ನು ಒಪ್ಪುವುದಿದ್ದರೂ ಮೊದಲು ಅದು ಬರಲೇಬೇಕು. "ಕಾಕಾ, ಇವತ್ತ ಬಿಸಲ ಭಾಳ ಐತಿ" ಎಂದರೆ, "ಹಂಗಲ್ಲ ಅದು, ಬಿಸಲ ಭಾಳ ಐತಿ" ಎನ್ನುತ್ತಾರೆ. ಮೈಮೇಲೆ ಬೇಸಿಗೆ ಚಳಿಗಾಲವೆನ್ನದೆ ಕರಿಯ ಕೋಟು. ಹತ್ತಿ ಮಾರ್ಕೆಟ್ಟಿನಲ್ಲಿ ದರ್ಜೆ ಹಾಕುತ್ತಿದ್ದ ಕಾಲದ್ದು. ಹತ್ತಿಯ ಒಂದು ಚೂರನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದು, ಎಳೆಯ ಉದ್ದ ಇಷ್ಟೇ ಎಂದು ಅವರು ಹೇಳಿದರೆ ವ್ಯಾಪಾರಿಗಳು ಎರಡನೆಯ ಮಾತು ಆಡುತ್ತಿರಲಿಲ್ಲವಂತೆ. ಈಗಲೂ ಕೋಟಿನ ಬಲ ಜೇಬಿನಲ್ಲಿ ಒಂದು ಹಿಡಿ ಹತ್ತಿ, ಎಡ ಜೇಬಿನಲ್ಲಿ ಸೀಟಿ. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಮುರಿದ ಬಲಗಾಲಿನ ಹರಡು ಸರಿಯಾಗಿ ಕೂಡಿಲ್ಲದ್ದರಿಂದ ನಡೆಯುವಾಗ ಪ್ರತಿ ಎರಡನೆಯ ಹೆಜ್ಜೆಗೆ ಮೈ ಒಂದಿಷ್ಟು ವಾಲುತ್ತದೆ. ದೂರದಿಂದ ನೋಡಿದವರಿಗೆ ಈ ಮುದುಕ ಈಗ ಏನನ್ನೋ ಒದೆಯುತ್ತಾನೆ ಎಂಬ ಭ್ರಮೆ ಹುಟ್ಟುತ್ತದೆ.

ನನ್ನದೂ ಒಂದು ಲೆಕ್ಕ ಅವರ ಹತ್ತಿರ ಬಾಕಿಯಿತ್ತು. ಮೂವತ್ತು ವರ್ಷದ ಹಿಂದೆ, ಸಂಘದ ತಂಡಕ್ಕೆ ಸೇರುವ ಆಸೆಯಿಂದ ನಾನು ಅವರ ಮನೆಗೆ ಹೋದಾಗ, ಚೆಂಡು ಮುಟ್ಟಿಸುವುದಿರಲಿ, ಒಂದು ಮಾತನ್ನೂ ಕೇಳದೆ ಚಪ್ಪಲಿ ತಿರುವಿ ನೋಡಿ, "ಹಂಗಲ್ಲ ಅದು. ಎರಡೂ ಸಮ ಸವದಾವು ನಿನ್ನವು. ನೀ ಕ್ಲಾರ್ಕ ಆಗತಿ, ಛಲೋ ಕ್ಲಾರ್ಕ ಆಗತಿ" ಎಂದು ಕಳಿಸಿಬಿಟ್ಟರು. ನಾನು ಬ್ಯಾಂಕಿನಲ್ಲಿ ಕ್ಲಾರ್ಕೇ ಆದೆ. ಸಿಟ್ಟು ಬರಲಿಲ್ಲವೆಂದರೆ ಸುಳ್ಳು. ಆದರೆ ಸಂಘ ಬಿಡಲಾಗಲಿಲ್ಲ. ಪಂದ್ಯದ ದಿನ ನೀರಿನ ಕ್ಯಾನು ಹೊರುವುದು, ಕಾಕಾರನ್ನು ನನ್ನ ಸ್ಕೂಟರಿನ ಹಿಂದೆ ಕೂಡಿಸಿಕೊಂಡು ತಿರುಗಾಡಿಸುವುದು, ಇವು ನನ್ನ ಪಾಲಿಗೆ ಬಂದ ಸೇವೆಗಳು.

ಕಳೆದ ಚಳಿಗಾಲದಲ್ಲಿ ನಮ್ಮ ಸಂಘದ ಸ್ಥಿತಿ ಹೇಳುವಂತಿರಲಿಲ್ಲ. ಜಿಲ್ಲಾ ಲೀಗಿನ ಎ ಡಿವಿಜನ್‌ನಲ್ಲಿ ಎಂಟು ತಂಡ, ಹದಿನಾಲ್ಕು ಪಂದ್ಯ. ಡಿಸೆಂಬರ್ ಮುಗಿಯುವಾಗ ಒಂಬತ್ತು ಆಡಿ ಒಂದು ಗೆದ್ದಿದ್ದೆವು, ಎರಡು ಸಮ, ಉಳಿದವೆಲ್ಲ ಸೋಲು. ಕೊನೆಯ ಸ್ಥಾನ ನಮ್ಮದು. ಕೊನೆಯವರು ಬಿ ಡಿವಿಜನ್‌ಗೆ ಇಳಿಯಬೇಕು. ಐವತ್ತೆಂಟು ವರ್ಷಗಳಲ್ಲಿ ಕಮರಿಪೇಟೆಯ ನೀಲಿ ಅಂಗಿ ಒಮ್ಮೆಯೂ ಇಳಿದದ್ದಿಲ್ಲ. ಗಿರಣಿ ಕೆಲಸಗಾರರು ಪಾಳಿ ಮುಗಿಸಿ ಬರಿಗಾಲಲ್ಲಿ ಆಡಿ ಕಟ್ಟಿದ ಸಂಘವದು. ಪೇಟೆಯೊಳಗೆ ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆ, ಒಂದು ತಿಜೋರಿ, ಎರಡು ಬೆಂಚು, ಇಷ್ಟೇ ಆಸ್ತಿ.

ಆ ಕೋಣೆಯಲ್ಲಿ ಹೊಸ ವರ್ಷದ ಮೊದಲ ದಿನ ಸಭೆ ಸೇರಿತು. ಜನವರಿ ಒಂದರಿಂದ ಹದಿನೈದರವರೆಗೆ ಆಟಗಾರರ ಅದಲುಬದಲಿಗೆ ಅವಕಾಶ. ಪೇಪರಿನವರು ಅದನ್ನು ಟ್ರಾನ್ಸ್‌ಫರ್ ವಿಂಡೋ ಎನ್ನುತ್ತಾರೆ, ಕಾಕಾ ಖಿಡಕಿ ಎನ್ನುತ್ತಾರೆ. ನಮ್ಮ ಲೀಗಿನ ಈ ಖಿಡಕಿ ಭಾಳ ಸಣ್ಣದು. ಚಳಿಗಾಲದಲ್ಲಿ ಒಂದು ಸಂಘಕ್ಕೆ ಒಂದೇ ಫಾರಂ, ಒಬ್ಬನೇ ಹೊಸ ಆಟಗಾರ. ಹೆಸರು ಶಾಯಿಯಲ್ಲಿ ಬರೆದು ಕೊಟ್ಟರೆ ಮುಗಿಯಿತು, ತಿದ್ದುವಂತಿಲ್ಲ. ಆ ಫಾರಂ ಕಾಕಾರ ಕೋಟಿನ ಒಳಜೇಬಿನಲ್ಲಿತ್ತು.

ಸಂಘದ ಅಧ್ಯಕ್ಷ ಪ್ರಸಾದ, ದೇಶಪಾಂಡೆ ನಗರದಲ್ಲಿ ಟೈಲ್ಸಿನ ಅಂಗಡಿ ಇಟ್ಟವನು, ನಲವತ್ತರ ಹುರುಪಿನವನು, ಮನಸ್ಸು ಕೆಟ್ಟದಲ್ಲ. ಗೋವೆಯಿಂದ ಒಬ್ಬ ಗೋಲು ಹೊಡೆಯುವವನನ್ನು ಐದು ಪಂದ್ಯಗಳ ಮಟ್ಟಿಗೆ ತರೋಣ, ಖರ್ಚು ತನ್ನದೇ ಎಂದು ಹೇಳಿ ಮೊಬೈಲಿನಲ್ಲಿ ಅವನ ಆಟ ತೋರಿಸಿದ. ಕಾಕಾ ನೋಡಿದರು. "ಹಂಗಲ್ಲ ಅದು. ಇದರಾಗ ಬರೇ ಗೋಲ ಹೊಡದದ್ದೈತಿ. ಚೆಂಡ ಕಳಕೊಂಡಾಗ ಇಂವ ಎಲ್ಲಿ ನಿಂತಿದ್ದ, ಅದನ್ನ ತೋರಸು" ಎಂದರು. ಅದು ಮೊಬೈಲಿನಲ್ಲಿ ಇರಲಿಲ್ಲ. ಕೋಚ್ ಮಕಬೂಲಸಾಬ, ರೇಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾದ ಹಳೆಯ ಗೋಲ್‌ಕೀಪರ, ಎರಡನೆಯ ದಾರಿ ಹೇಳಿದ: ಧಾರವಾಡದ ಮಾಳಮಡ್ಡಿ ಇಲೆವೆನ್‌ನವರು ನಮ್ಮ ಗೋಲ್‌ಕೀಪರ ವಿಶಾಲನ ಮೇಲೆ ಕಣ್ಣಿಟ್ಟಿದ್ದಾರೆ, ಅವನನ್ನು ಕೊಟ್ಟರೆ ತಮ್ಮ ಫಾರ್ವರ್ಡ್ ಒಬ್ಬನನ್ನು ಬಿಟ್ಟುಕೊಡುತ್ತಾರೆ. ಬೆಂಚಿನ ತುದಿಗೆ ಕೂತಿದ್ದ ವಿಶಾಲ ತಲೆ ಎತ್ತಲಿಲ್ಲ. "ಹಂಗಲ್ಲ ಅದು, ಮಕಬೂಲ. ವಿಶಾಲನ್ನ ಕೊಟ್ರ ಗೋಲಿನ್ಯಾಗ ಯಾರು ನಿಂದರತಾರ? ನೀನೋ ನಾನೋ?" ಎಂದರು ಕಾಕಾ. ಹುಡುಗನ ಮೋರೆಯಲ್ಲಿ ಆಗ ಬಂದ ಕಳೆ ನನಗೆ ಈಗಲೂ ನೆನಪಿದೆ.

ಮೂರನೆಯ ದಾರಿ ಕಾಕಾರದು. ಮುಗದ ಎಂಬ ಹಳ್ಳಿಯಲ್ಲಿ ಬೀರಪ್ಪನೆಂಬ ರೈತನ ಮಗ ಶಶಿಕಾಂತ, ಹಳ್ಳಿ ಪಂದ್ಯಗಳಲ್ಲಿ ಗೋಲಿನ ಮೇಲೆ ಗೋಲು ಹೊಡೆಯುತ್ತಿದ್ದಾನೆ, ಇನ್ನೂ ಯಾವ ಸಂಘಕ್ಕೂ ಹೆಸರು ಕೊಟ್ಟಿಲ್ಲವೆಂದು ಅವರಿಗೆ ಸುದ್ದಿಯಿತ್ತು. ಪ್ರಸಾದ ಕೈ ಮುಗಿದ. "ಆತ್ರಿ ಕಾಕಾ, ನಿಮ್ಮ ಮಾತೇ ಆಗಲಿ. ಆದರ ಒಂದು ಮಾತು ಕೊಡ್ರಿ. ಈ ಸಲ ಇಳದ್ವಿ ಅಂದ್ರ ಸಂಘಾನ, ಮನ್ನೆ ಕೇಳಾಕ ಬಂದಿದ್ರಲ್ಲ, ಆ ಫುಟ್‌ಬಾಲ್ ಅಕಾಡೆಮಿಯವರಿಗೆ ಕೊಟ್ಟಬಿಡೂಣು. ಅವರ ಹೆಸರು, ಅವರ ಅಂಗಿ. ಹುಡುಗರಿಗೆ ಬೂಟರೆ ಸಿಗತಾವು." ಕೆಳಗೆ ಹಿಟ್ಟಿನ ಗಿರಣಿ ನಿಂತಿತ್ತು, ಅದಕ್ಕೇ ಆ ಮಾತು ಎಲ್ಲರಿಗೂ ಕೇಳಿತು. ಕಾಕಾ ಜೇಬಿನ ಹತ್ತಿಯನ್ನು ತೆಗೆದು ಒಮ್ಮೆ ಎಳೆದು ನೋಡಿ, ಕೈ ಮುಂದೆ ಮಾಡಿ ಪ್ರಸಾದನ ಕೈ ಹಿಡಿದರು. ಸಂಘದ ಹೆಸರು ಆ ಒಂದು ಫಾರಮಿನ ಮೇಲೆ ಬಂದು ನಿಂತಿತು.

ಮನೆತನಕ ಹೋಗಿ, ಹಿರಿಯರ ಒಪ್ಪಿಗೆ ಕೇಳಿ, ಚಹಾ ಕುಡಿದೇ ಆಟಗಾರನ ಹೆಸರು ಬರೆಯಬೇಕೆಂಬುದು ಕಾಕಾರ ಹಟ. ನಡುವೆ ಅವರಿಗೆ ಜ್ವರ ಬಂದು ಹತ್ತು ದಿನ ಹೋದವು; ಭೋಗಿಯ ದಿನ ನಾವು ಮುಗದಕ್ಕೆ ಮುಟ್ಟಿದೆವು. ಬೀರಪ್ಪನ ಹೆಂಡತಿ ರುಕ್ಮವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆ ಬಡಿಸಿದಳು. ಶಶಿಕಾಂತ ತಲೆ ತಗ್ಗಿಸಿ ನಿಂತ. ಮೂರು ದಿನದ ಹಿಂದೆಯೇ ಮಾಳಮಡ್ಡಿಯವರು ಬಂದು ಹೆಸರು ಬರೆಸಿಕೊಂಡು ಹೋಗಿದ್ದರು. ಅವರು ಕೊಟ್ಟ ಕೆಂಪು ಬೂಟುಗಳನ್ನು ಹುಡುಗ ದೇವರ ಜಗಲಿಯ ಪಕ್ಕದ ಗೋಡೆಯ ಮಾಡದಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದ. "ಛಲೋ ಆತು. ಛಂದ ಆಡು" ಎಂದು ಕಾಕಾ ಅವನ ತಲೆ ಮುಟ್ಟಿ ಎದ್ದರು.

ಹೊರಗೆ ಬಂದು ತಮ್ಮ ಬೂಟು ಹುಡುಕುವಾಗ ಅಭ್ಯಾಸಬಲ ನೋಡಿ, ಕೈ ತಾನಾಗಿ ಪಕ್ಕದ ಒಂದು ಹಳೆಯ ಜೋಡಿಯ ಮೇಲೆ ಹೋಯಿತು. ತಿರುವಿದರು. ಕನ್ನಡಕ ಹಣೆಗೇರಿತು. ಎಡ ಚಪ್ಪಲಿಯ ಮುಂಗಾಲಿನ ಕೆಳಗೆ ರಬ್ಬರು ಕೊರೆದು ಕೊರೆದು ಬಟ್ಟೆಯ ಪದರ ಕಾಣುತ್ತಿತ್ತು, ಬಲದ್ದು ಅಷ್ಟಕ್ಕಷ್ಟೇ.

"ಇವು ಯಾರವು?" ಎಂದರು.

"ನಮ್ಮ ತಮ್ಮನವರಿ, ಬಸಣ್ಣನವು," ಎಂದ ಬೀರಪ್ಪ. "ಕಣದಾಗ ಅದಾನ್ರಿ. ಕಣಕ್ಕ ಚಪ್ಪಲಿ ಮೆಟಗೊಂಡು ಹೋಗಂಗಿಲ್ಲಲ್ರಿ, ಇಲ್ಲೇ ಬಿಟ್ಟ ಹೋಗ್ಯಾನು."

"ಕರೀರಿ ಅವನ್ನ."

ಬಸಣ್ಣ ಬಂದ, ಮೂವತ್ತಮೂರರ ಗಟ್ಟಿ ಆಳು, ತಲೆತುಂಬ ಭತ್ತದ ಹೊಟ್ಟು. ಫುಟ್‌ಬಾಲ್ ಆಡಿದ್ದೀಯೇನೆಂದು ಕೇಳಿದರೆ, "ಸಾಲ್ಯಾಗಿದ್ದಾಗ ಆಡಿದ್ದೆರಿ, ಏಳನೇ ಇಯತ್ತೆ ತನಕ" ಎಂದ. "ಸಾಕು" ಎಂದರು ಕಾಕಾ. "ಕಾಕಾರ, ಅವಗ ವಯಸ್ಸಾತ್ರಿ" ಎಂದು ಬೀರಪ್ಪ ಗೋಗರೆದ. "ಹಂಗಲ್ಲ ಅದು. ಎಡಗಾಲಿನಾಂವ ಹುಡುಕಿದರ ಸಿಗಂಗಿಲ್ಲಪಾ ಈ ಜಿಲ್ಲಾದಾಗ." ನಾನು ಅವರ ಹತ್ತಿರ ಸರಿದೆ. ಮೆಲ್ಲಗೆ, "ಕಾಕಾ, ಒಂದ ಸಲ ಚೆಂಡ ಒದ್ದು ತೋರಸು ಅನ್ರಿ" ಎಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಹತ್ತಿ ತಗೊಳ್ಳುವಾಗ ಅಂಗಿ ಹೊಲಿಸಿ ನೋಡತಾರೇನು?" ಅಲ್ಲೇ ಕಟ್ಟೆಯ ಮೇಲೆ ಕೂತು, ಫಾರಂ ತೊಡೆಯ ಮೇಲೆ ಹರಡಿ, ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ಬಸಣ್ಣನ ಹೆಸರು ಬರೆದು ಸಹಿ ಮಾಡಿಸಿದರು. ಮರುದಿನ ಹತ್ತಕ್ಕೆ ಫಾರಂ ಅಸೋಸಿಯೇಶನ್ನಿನ ಮೇಜಿನ ಮೇಲಿತ್ತು.

ಮೊದಲ ಪ್ರ್ಯಾಕ್ಟೀಸಿಗೆ ಬಸಣ್ಣ ಟ್ರ್ಯಾಕ್ಟರ್ ಹೊಡೆದುಕೊಂಡೇ ಬಂದ, ಹುಬ್ಬಳ್ಳಿಯ ಗೌಳಿಗರಿಗೆ ಒಂದು ಟ್ರೇಲರ್ ಭತ್ತದ ಹುಲ್ಲು ಹಾಕಿಕೊಂಡು. ಮೈದಾನದಲ್ಲಿ ಎಲ್ಲರೂ ಸಾಲಾಗಿ ನಿಂತು ಕಾದರು. ಮಕಬೂಲಸಾಬ ಚೆಂಡು ಇಟ್ಟು, "ಎಡಗಾಲಲೆ ಹೊಡಿ" ಎಂದ. ಬಸಣ್ಣ ಹೊಡೆದ, ಚೆಂಡು ಗೋಲು ಬಿಟ್ಟು ಹುಲ್ಲಿನ ಟ್ರೇಲರಿಗೆ ಹೋಗಿ ಬಡಿಯಿತು. ಮತ್ತೆ ಹೊಡೆದ; ಚೆಂಡು ಅಲ್ಲೇ ಉರುಳಿತು, ಚಪ್ಪಲಿ ಮುಂದೆ ಹೋಯಿತು. "ನಂದು ಬಲಗಾಲ್ರಿ ಸಾಹೇಬ್ರ" ಎಂದ ಪಾಪ, ಸಂಕೋಚದಿಂದ. ಮಕಬೂಲಸಾಬ ಆ ಚಪ್ಪಲಿ ಎತ್ತಿಕೊಂಡು, ಏನೋ ಹೊಳೆದವನಂತೆ ಟ್ರ್ಯಾಕ್ಟರಿನ ಹತ್ತಿರ ಹೋಗಿ, ಕ್ಲಚ್ ಪೆಡಲಿನ ಕಬ್ಬಿಣದ ಹಲ್ಲಿನ ಮೇಲೆ ಅದನ್ನು ಇಟ್ಟ. ಕುಳಿಗೂ ಹಲ್ಲಿಗೂ ಕೂದಲೆಳೆಯ ವ್ಯತ್ಯಾಸವಿಲ್ಲ, ಕಚ್ಚಿ ಕೂತುಬಿಟ್ಟಿತು! ಹನ್ನೊಂದು ವರ್ಷ ಕ್ಲಚ್ ತುಳಿದ ಕಾಲದು, ಆ ಸವೆತದಲ್ಲಿ ಚೆಂಡಿನ ಪಾಲೇನೂ ಇರಲಿಲ್ಲ.

ಹುಡುಗರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಮೂವತ್ತು ವರ್ಷದ ಒಳಸಿಟ್ಟು ನಗೆಯಾಗಿ ಹೊರಬಿತ್ತು. ಪ್ರಸಾದ ಮಾತ್ರ ನಗಲಿಲ್ಲ. "ಒಂದ ಫಾರಂ ಇತ್ತು ಕಾಕಾ. ಒಂದ. ಅದನ್ನೂ ಒಂದು ಚಪ್ಪಲಿ ಮ್ಯಾಲ ಕಳದ್ರೆಲ್ಲಾ" ಎಂದ. ಅವನ ಕಣ್ಣು ತುಂಬಿತ್ತು.

ಕಾಕಾ ಎದ್ದು ನಿಂತರು. ಈಗ "ಹಂಗಲ್ಲ ಅದು" ಬರುತ್ತದೆಂದು ಎಲ್ಲರೂ ಕಾದೆವು. ಬರಲಿಲ್ಲ. "ಹೌದು. ತಪ್ಪು ನಂದು" ಎಂದರು, ಇಪ್ಪತ್ತೆರಡು ಹುಡುಗರ ಮುಂದೆ, ಕೋಟಿನ ಗುಂಡಿ ಹಾಕಿಕೊಂಡು, ಸಭೆಯಲ್ಲಿ ನಿಂತವರ ಹಾಗೆ. ಆಮೇಲೆ ಬಸಣ್ಣನ ಕಡೆ ತಿರುಗಿದರು. "ನೀ ಹೋಗಬ್ಯಾಡ. ತಪ್ಪು ನಂದು, ನಿಂದಲ್ಲ. ನಾ ದರ್ಜಾ ಹಾಕಿದ ಹತ್ತಿ ನಾ ಎಂದೂ ವಾಪಸ್ ಕಳಿಸಿಲ್ಲ. ಎಳಿ ಸಣ್ಣದಂತ ಆಮ್ಯಾಲ ಗೊತ್ತಾದರ ಅದು ಯಾತಕ್ಕ ಬರತೈತಿ ನೋಡತಿದ್ದೆ. ಸೀರಿ ಆಗದಿದ್ದರ ಗಾದಿ ಆಗತೈತಿ, ಗಾದಿನೂ ಆಗದಿದ್ದರ ದೀಪದ ಬತ್ತಿ ಆಗತೈತಿ. ಹುಡುಕೋದು ನನ್ನ ಕೆಲಸ." ನಲವತ್ತೊಂದು ವರ್ಷ ತಪ್ಪೇ ಮಾಡಿಲ್ಲವೆಂಬ ಹೆಸರಿದ್ದ ಮನುಷ್ಯ, ಹೆಸರಿಗೆ ಒಂದು ಕ್ಷಣವೂ ಜೋತುಬೀಳದೆ ತಪ್ಪನ್ನು ಕೈಯಲ್ಲಿ ಹಿಡಿದು ತೋರಿಸಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಆ ಭಾನುವಾರ ಬಸಣ್ಣನನ್ನು ಆಡಿಸಲಿಲ್ಲ. ಮೂರು ಗೋಲು ತಿಂದು ಬಂದೆವು, ಮೂರೂ ಒಂದೇ ನಮೂನೆ: ಎದುರಾಳಿ ಚೆಂಡನ್ನು ಎತ್ತಿ ನಮ್ಮ ಬ್ಯಾಕುಗಳ ತಲೆಯ ಮೇಲಿಂದ ಹಿಂದಕ್ಕೆ ಒಗೆಯುವುದು, ನಮ್ಮವರು ಮೊದಲು ಚೆಂಡು ನೋಡಿ, ನಿಂತು, ಆಮೇಲೆ ತಿರುಗಿ ಓಡುವುದು, ಅಷ್ಟರಲ್ಲಿ ಕಥೆ ಮುಗಿದಿರುತ್ತಿತ್ತು. ಮರುದಿನ ಬೆಳಗ್ಗೆ ಕಾಕಾ ನನ್ನ ಮನೆಯ ಮುಂದೆ ಹಾಜರು. "ನಡಿ, ಮುಗದಕ್ಕ. ಬಸಣ್ಣ ಕೆಲಸ ಮಾಡೋದು ನೋಡೂಣು." ನಾನು ಬ್ಯಾಂಕಿಗೆ ರಜೆ ಹಾಕಿದೆ.

ಬಸಣ್ಣ ಭತ್ತದ ಕೂಳೆ ಹೊಲವನ್ನು ಟ್ರ್ಯಾಕ್ಟರಿನಿಂದ ಉಳುತ್ತಿದ್ದ. ನಾವು ಬದುವಿನ ಮೇಲೆ ನಿಂತೆವು. ಅರ್ಧ ತಾಸು ಕಾಕಾ ಅವನನ್ನೇ ನೋಡಿದರು. ಆಮೇಲೆ ನನ್ನ ತೋಳನ್ನು ಎಂಥ ಜೋರಿನಿಂದ ಹಿಡಿದರೆಂದರೆ ಉಗುರು ನಟ್ಟವು. "ಕುತಗಿ ನೋಡು. ಅವನ ಕುತಗಿ ನೋಡು." ನೋಡಿದೆ. ಟ್ರ್ಯಾಕ್ಟರ್ ಮುಂದೆ ಹೋಗುತ್ತಿತ್ತು, ಗಾಲಿ ಗೆರೆ ಎಳೆದಷ್ಟು ನೆಟ್ಟಗೆ. ಬಸಣ್ಣನ ಮುಖ ಮಾತ್ರ ಭುಜದ ಮೇಲಿಂದ ಹಿಂದಕ್ಕೆ ತಿರುಗಿತ್ತು, ನೇಗಿಲಿನ ಕಡೆ. ಹೊಲದ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆಯೂ ಅವನು ಮುಂದೆ ನೋಡಲಿಲ್ಲ. ಬದುವಿಗೆ ಬಂದಾಗ ಕಾಕಾ ಕೇಳಿದರು, ಮುಂದೆ ನೋಡದೆ ಹೇಗಪ್ಪಾ ಓಡಿಸುತ್ತಿ ಎಂದು. ಬಸಣ್ಣನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮುಂದಿಂದು ಅಂದಾಜ ಇರತೈತ್ರಿ. ಕೆಲಸ ನಡದಿರೋದು ಹಿಂದ ಅಲ್ರಿ?" ಎಂದ.

ಮುಂದಿನ ಭಾನುವಾರ ಬಸಣ್ಣ ಗೋಲಿನ ಮುಂದೆ, ಎಲ್ಲರಿಗಿಂತ ಹಿಂದೆ ನಿಂತ. ಮುಖ ಒಂದು ಕಡೆ ಮೈ ಒಂದು ಕಡೆ ಮಾಡಿಕೊಂಡು ನೆಟ್ಟಗೆ ಓಡಬಲ್ಲವನು ಅಂಥ ಜಾಗದಲ್ಲಿ ಎಷ್ಟು ಬೆಲೆಬಾಳುತ್ತಾನೆಂಬುದು ನಮಗೆ ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ಎದುರಾಳಿಯ ಕಾಲಿನಿಂದ ಚೆಂಡು ಏಳುವ ಮೊದಲೇ ಅವನು ಹಿಂದಕ್ಕೆ ಓಡುತ್ತಿದ್ದ, ಕಣ್ಣು ಚೆಂಡಿನ ಮೇಲೆ, ಕಾಲು ಗೋಲಿನ ಕಡೆ. ಚೆಂಡು ನೆಲಕ್ಕೆ ಬೀಳುವಾಗ ಬಸಣ್ಣ ಅಲ್ಲೇ ಇರುತ್ತಿದ್ದ. ಒದೆತ ಮಾತ್ರ ಹಾಗೇ ಇತ್ತು, ಎಲ್ಲಿಗೆ ಹೋಗುತ್ತದೋ ಶಿವನೇ ಬಲ್ಲ. ಆದರೆ ನಮ್ಮ ಗೋಲಿನಿಂದ ದೂರ ಹೋಗುತ್ತಿತ್ತು. ಆ ಪಂದ್ಯ ಸಮವಾಯಿತು. ಅದರ ಮುಂದಿನದು ಒಂದು ಗೋಲಿನಿಂದ ಗೆದ್ದೆವು. ಮತ್ತೊಂದು ಸಮ. ಗೋಲು ಹೊಡೆಯುವವನಿಲ್ಲವೆಂದು ನಾವೆಲ್ಲ ಮೂರು ತಿಂಗಳು ಬಡಕೊಂಡಿದ್ದೆವು; ತೂತು ಇದ್ದದ್ದು ಹಿತ್ತಲ ಬಾಗಿಲಲ್ಲಿ.

ಕೊನೆಯ ಪಂದ್ಯ ನೆಹರೂ ಮೈದಾನದಲ್ಲಿ, ಮಾಳಮಡ್ಡಿ ಇಲೆವೆನ್ ಮೇಲೆ. ಒಂದು ಪಾಯಿಂಟ್ ಸಿಕ್ಕರೆ ಉಳಿದೆವು, ಸೋತರೆ ಇಳಿದೆವು. ಸಂಘದ ಹೆಸರು, ನೀಲಿ ಅಂಗಿ, ಗಿರಣಿಯ ಮೇಲಿನ ಕೋಣೆ, ಎಲ್ಲ ಹೋದಂತೆಯೇ. ಎದುರು ತಂಡದ ಫಾರ್ವರ್ಡ್ ಯಾರು? ಕೆಂಪು ಬೂಟಿನ ಶಶಿಕಾಂತ. ಬೀರಪ್ಪ, ರುಕ್ಮವ್ವ ಇಬ್ಬರೂ ಬಂದಿದ್ದರು. ಮಗನಿಗೆ ಚಪ್ಪಾಳೆ ತಟ್ಟಬೇಕೋ ಮೈದುನನಿಗೋ ತಿಳಿಯದೆ ರುಕ್ಮವ್ವ ಇಬ್ಬರಿಗೂ ತಟ್ಟುತ್ತಿದ್ದಳು. ಹುಡುಗನ ಆಟ ಕಣ್ಣು ತುಂಬುವಂಥದು, ಅದನ್ನು ಇಲ್ಲವೆನ್ನಲು ಬಾರದು. ಆದರೆ ಅವನು ಎತ್ತ ನುಗ್ಗಿದರೂ ಅತ್ತ ಚಿಕ್ಕಪ್ಪ. "ಸಣ್ಣಪ್ಪಾ, ಒಂದರೆ ಬಿಡೋ!" ಎಂದು ಅವನು ಕೂಗಿದ್ದು ಗೆರೆಯ ಹೊರಗಿದ್ದ ನಮಗೂ ಕೇಳಿತು. "ಮನಿಗೆ ನಡಿ, ಅಲ್ಲೆ ಬೇಕಾದ್ದ ಕೊಡತೇನಿ" ಎಂದ ಬಸಣ್ಣ, ಹಿಂದೆ ನೋಡುತ್ತಲೇ ಓಡುತ್ತ.

ಕಡೆಯ ಎರಡು ನಿಮಿಷ ಉಳಿದಾಗ ಚೆಂಡು ಮತ್ತೆ ಮೇಲೆದ್ದಿತು. ಶಶಿಕಾಂತ ಅದನ್ನು ಎದೆಗೆ ಆನಿಸಿ ಇಳಿಸಿಕೊಂಡ; ಮುಂದೆ ಬಂದ ವಿಶಾಲನನ್ನೂ ದಾಟಿದ. ಗೋಲು ಬಾಯ್ದೆರೆದು ನಿಂತಿತ್ತು. ಕಾಕಾ ನನ್ನ ಪಕ್ಕದ ಕಲ್ಲಿನ ಮೇಲೆ ಕೂತಿದ್ದರು, ಜೇಬಿನ ಹತ್ತಿ ಹೊರಗೆ ಬಂದು ಕೈಯಲ್ಲಿ ಚಿಂದಿಯಾಗಿತ್ತು. ಹುಡುಗ ಒದ್ದ. ಬಸಣ್ಣ ಗೆರೆಯ ಮೇಲೆ ಬಂದು ಮೈಯನ್ನೇ ಅಡ್ಡ ಒಗೆದ. ಚೆಂಡು ಅವನ ಎಡಗಾಲಿಗೆ, ಹೌದು, ಆ ಕ್ಲಚ್ಚಿನ ಎಡಗಾಲಿಗೇ ಬಡಿದು ಹೊರಗೆ ಹೋಯಿತು. ಗೋಲಿಲ್ಲ, ಗೆಲುವಿಲ್ಲ, ಸೊನ್ನೆಗೆ ಸೊನ್ನೆ. ಸೀಟಿ ಊದಿದಾಗ ಕಮರಿಪೇಟೆಯ ಮಂದಿ ಕಪ್ ಗೆದ್ದವರಂತೆ ಮೈದಾನಕ್ಕೆ ನುಗ್ಗಿದರು. ನಾನು ಐವತ್ತು ದಾಟಿದ ಬ್ಯಾಂಕಿನ ಕ್ಲಾರ್ಕು, ನೀರಿನ ಕ್ಯಾನು ತಲೆಯ ಮೇಲೆ ಸುರಿದುಕೊಂಡು ಕುಣಿದೆ.

ಪ್ರಸಾದ ಓಡಿಬಂದು ಕಾಕಾರ ಕಾಲು ಮುಟ್ಟಿದ. "ನಿಮ್ಮ ಕಣ್ಣು ತಪ್ಪಂಗಿಲ್ಲ ಕಾಕಾ. ಆವತ್ತ ಆ ಚಪ್ಪಲ್ಯಾಗ ನೀವು ಇದನ್ನ ಕಂಡಿದ್ರಿ" ಎಂದ. ಬಿಟ್ಟಿಯಾಗಿ ಬಂದ ಕೀರ್ತಿ, ಯಾರು ಬೇಕಾದರೂ ಮಡಿಲು ಚಾಚುತ್ತಿದ್ದರು. ಕಾಕಾ ಚಾಚಲಿಲ್ಲ. "ಹಂಗಲ್ಲ ಅದು," ಎಂದರು, ಪ್ರಸಾದನನ್ನು ಎಬ್ಬಿಸಿ. "ನಾ ತಪ್ಪ ನೋಡಿದ್ದು ತಪ್ಪ. ಬಸಣ್ಣ ಛಲೋ ಆಡಿದ್ದು ಬ್ಯಾರೆ. ಎರಡೂ ಕೂಡಸಬ್ಯಾಡ." ಆಮೇಲೆ ವಾಲುತ್ತ ವಾಲುತ್ತ ಮೈದಾನದ ನಡುವೆ ಹೋಗಿ, ತಮ್ಮ ಕರಿಯ ಕೋಟು ಬಿಚ್ಚಿ, ಬೆವರಿ ನಡುಗುತ್ತಿದ್ದ ಬಸಣ್ಣನ ಹೆಗಲಿಗೆ ಹಾಕಿದರು. ಕೋಟಿಲ್ಲದ ಶಂಭುಲಿಂಗ ಕಾಕಾರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅಂಗಿಯೊಳಗೆ ಬಹಳ ಸಣ್ಣ ಮನುಷ್ಯ.

ಆ ಸಂಜೆ ಅವರ ಮನೆಯಲ್ಲಿ ಎಲ್ಲರಿಗೂ ಗೋಧಿ ಹುಗ್ಗಿ. ಉಂಡು ಹೊರಗೆ ಬಂದರೆ ಕಾಕಾ ಕಟ್ಟೆಯ ಮೇಲೆ ಕೂತು ಒಂದು ಜೋಡಿ ಚಪ್ಪಲಿ ತಿರುವಿ ನೋಡುತ್ತಿದ್ದರು. ನನ್ನವು. ನನ್ನನ್ನು ಕಂಡರೂ ಕೆಳಗಿಡಲಿಲ್ಲ.

"ಮೂವತ್ತ ವರ್ಷದ ಹಿಂದ ನಿನ್ನವನ್ನೂ ನೋಡಿದ್ದೆ, ಅಲ್ಲ?" ಎಂದರು.

"ಸರಿಯಾಗೇ ಹೇಳಿದ್ರಿ ಕಾಕಾ. ಕ್ಲಾರ್ಕ ಆದ್ನೆಲ್ಲ."

"ಹಂಗಲ್ಲ ಅದು. ಸವದದ್ದಷ್ಟ ನೋಡಿದೆ ನಾ. ಎಲ್ಲಿ ನಡದು ಸವದಾವು ಅಂತ ಕೇಳಲಿಲ್ಲ." ಚಪ್ಪಲಿ ಕೆಳಗಿಟ್ಟು, "ಕೇಳಬೇಕಿತ್ತು" ಎಂದರು.

ನಾನು ಹೇಳಲಿಲ್ಲ, ಆ ದಿನಗಳಲ್ಲಿ ಬಸ್ಸಿಗೆ ದುಡ್ಡಿಲ್ಲದೆ ದಿನಾ ಬೆಳಗ್ಗೆ ಊರ ಹೊರಗಿನಿಂದ ಮೈದಾನದವರೆಗೆ ನಡೆದು ಬಂದು ಅವರ ತಂಡದ ಆಟ ನೋಡುತ್ತಿದ್ದೆನೆಂದು. ನೆಟ್ಟನೆಯ ಡಾಂಬರು ರಸ್ತೆಯಲ್ಲಿ ನಡೆದರೆ ಎರಡೂ ಸಮ ಸವೆಯುತ್ತವೆ. ಹೇಳದೆ ಚಪ್ಪಲಿ ಮೆಟ್ಟಿಕೊಂಡೆ. ಮೂವತ್ತು ವರ್ಷದ ಸಿಟ್ಟು ಆ ಒಂದು ಶಬ್ದಕ್ಕೆ ಇಳಿದು ಹೋಗಿತ್ತು.

ತೀರ್ಪು ಕೊಡುವವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದಾರೆ; ಕೊಟ್ಟ ತೀರ್ಪು ಸುಳ್ಳಾದಾಗ ಅದಕ್ಕೆ ನೂರು ಅರ್ಥ ಹಚ್ಚಿ ತಾವೇ ಗೆದ್ದೆವೆನ್ನುವವರೂ ಇದ್ದಾರೆ. ತಪ್ಪನ್ನು ತಪ್ಪೆಂದು ಕರೆದು, ಆದರೆ ಆ ತಪ್ಪಿನಲ್ಲಿ ಸಿಕ್ಕ ಮನುಷ್ಯನನ್ನು ಕೈಬಿಡದೆ, ಅವನು ಯಾತಕ್ಕೆ ಬರುತ್ತಾನೆಂದು ಹೊಲದ ಬದುವಿನ ತನಕ ಹುಡುಕಿಕೊಂಡು ಹೋಗುವವರು ಒಬ್ಬಿಬ್ಬರು. ಒಂದು ಸಂಘ, ಒಂದು ಪೇಟೆ, ಒಂದು ಊರು ತನ್ನ ಹೆಸರನ್ನು ಉಳಿಸಿಕೊಳ್ಳುವುದು ಇಂಥ ಒಬ್ಬಿಬ್ಬರ ಮೇಲೆ. ನಮ್ಮ ಕಮರಿಪೇಟೆಗೆ ಅಂಥವರೊಬ್ಬರು ಸಿಕ್ಕರು, ಅವರನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ತಿರುಗಿದವನು ನಾನು.